ಅನಿರೀಕ್ಷಿತ ಅಂತ್ಯ ಮತ್ತು ಓದುಗನ ಹಕ್ಕು: ‘ರೋಜರ್ ಆಕ್ರಾಯ್ಡ್’ ಕುರಿತು ಒಂದು ಪರಿಶೀಲನೆ

ಕೊನೆಯ ಪುಟಗಳಲ್ಲಿ ಕಥೆಯನ್ನು ತಲೆಕೆಳಗು ಮಾಡುವ ಕಾದಂಬರಿ ಓದುಗನಿಗೆ ಮೋಸ ಮಾಡುತ್ತದೆಯೇ? ಅಗಾಥಾ ಕ್ರಿಸ್ಟಿಯವರ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಈ ವಾದಕ್ಕೆ ಕಾವು ತಂದ ಕೃತಿ. ಅಲ್ಲಿ ಕಥೆ ಹೇಳುವ ಹಳ್ಳಿಯ ವೈದ್ಯ ಶೆಪರ್ಡನೇ ಕೊಲೆಗಾರ. 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ರೂಪಿಸಿದ ರೊನಾಲ್ಡ್ ನಾಕ್ಸ್, ಯಾರ ಆಲೋಚನೆಗಳನ್ನು ಓದುಗ ಹಿಂಬಾಲಿಸಿರುತ್ತಾನೋ ಅವನು ಅಪರಾಧಿಯಾಗಕೂಡದು ಎಂದರು.

ನಿಷೇಧಗಳ ಪಟ್ಟಿಗಿಂತ ಭರತನ ನಾಟ್ಯಶಾಸ್ತ್ರ ಇಲ್ಲಿ ಹೆಚ್ಚು ನೆರವಾಗುತ್ತದೆ. ನಾಟಕದ ಕೊನೆಯ ಘಟ್ಟವಾದ ನಿರ್ವಹಣ ಸಂಧಿಯಲ್ಲಿ ಅದ್ಭುತರಸ ಇರಬೇಕೆಂದು ಹೇಳುವ ಭರತ, ಮೊದಲ ಘಟ್ಟವಾದ ಮುಖಸಂಧಿಯಲ್ಲಿ ಬಿತ್ತಿದ ಬೀಜವೇ ಅಲ್ಲಿ ಫಲವಾಗಿ ಕೂಡಿಬರಬೇಕೆಂದೂ ವಿಧಿಸುತ್ತಾನೆ. ಬೆರಗು ಬೇಡವೆಂದಲ್ಲ, ಬೀಜವಿಲ್ಲದ ಬೆರಗು ಸಲ್ಲದು.

ಕ್ರಿಸ್ಟಿ ಬೀಜ ಬಿತ್ತಿದ್ದಾರೆ, ಅದೂ ಎದುರಿಗೇ. ಕೊಲೆಯ ರಾತ್ರಿ ಆಕ್ರಾಯ್ಡನಿಗೆ ಪತ್ರ ಬಂದದ್ದು 8.40ಕ್ಕೆ, ಅದನ್ನಿನ್ನೂ ಓದಿರದ ಅವನನ್ನು ಬಿಟ್ಟು ತಾನು ಹೊರಟದ್ದು 8.50ಕ್ಕೆ ಎಂದು ಶೆಪರ್ಡ್ ಬರೆಯುತ್ತಾನೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಏನಾದರೂ ಬಾಕಿ ಉಳಿಯಿತೇ ಎಂದು ಹಿಂದಿರುಗಿ ನೋಡಿದ್ದನ್ನೂ ಮುಚ್ಚಿಡುವುದಿಲ್ಲ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನಡುವಿನ ಹತ್ತು ನಿಮಿಷ ಮಾತ್ರ ಬರಹದಲ್ಲಿಲ್ಲ. ಮೊದಲ ಓದಿನಲ್ಲಿ ಸ್ನೇಹಿತನ ಕಾಳಜಿಯಾಗಿ ಕಂಡದ್ದು ಎರಡನೆಯ ಓದಿನಲ್ಲಿ ಕೊಲೆಗಾರನ ಎಚ್ಚರವಾಗುತ್ತದೆ. ಇದಕ್ಕಿಂತ ದಿಟ್ಟ ಸುಳಿವು ಇನ್ನೊಂದಿದೆ: ಶೆಪರ್ಡ್ ತನ್ನ ಹಸ್ತಪ್ರತಿಯನ್ನು ಪತ್ತೇದಾರ ಪ್ವಾರೋನ ಕೈಗೆ ಕೊಟ್ಟಾಗ, ಲೇಖಕ ತನ್ನ ಬಗ್ಗೆ ಬಹಳ ಸಂಕೋಚದಿಂದ ಬರೆದಿದ್ದಾನೆಂಬ ಮಾತು ಬರುತ್ತದೆ. ಸತ್ಯ ಹೊರಬೀಳುವ ಮೊದಲೇ, ಬರಹದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಕಾದಂಬರಿಯೇ ಓದುಗನನ್ನು ಎಚ್ಚರಿಸಿದಂತಾಯಿತು.

ಆದ್ದರಿಂದ ಮರೆಮಾಚುವುದನ್ನೂ ಸುಳ್ಳು ಹೇಳುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಲ್ಲವೂ ಕನಸಾಗಿತ್ತು ಎಂದು ಮುಗಿಸುವ ಕಥೆ ಹಿಂದಿನ ಪುಟಗಳನ್ನು ರದ್ದು ಮಾಡುತ್ತದೆ. ಆಕ್ರಾಯ್ಡ್ ಅದೇ ಪುಟಗಳಿಗೆ ಹೊಸ ಅರ್ಥ ಕೊಡುತ್ತದೆ. ಮೊದಲನೆಯದು ನಿಜಕ್ಕೂ ಅನ್ಯಾಯ.

ಆದರೂ ಒಂದು ಆಕ್ಷೇಪಕ್ಕೆ ತೂಕವಿದೆ. 1887ರಲ್ಲಿ ಪತ್ತೇದಾರನ ಕಥೆ ಹೇಳುವ ಜೊತೆಗಾರನಾಗಿ ವಾಟ್ಸನ್ ಬಂದಂದಿನಿಂದ ಅಂಥ ಜೊತೆಗಾರನನ್ನು ನಂಬುವುದು ಓದುಗರಿಗೆ ರೂಢಿಯಾಗಿತ್ತು. ಕ್ರಿಸ್ಟಿ ಪ್ವಾರೋನ ಹಿಂದಿನ ಜೊತೆಗಾರ ಹೇಸ್ಟಿಂಗ್ಸನನ್ನು ಅರ್ಜೆಂಟೀನಾಕ್ಕೆ ಕಳುಹಿಸಿ, ಆ ಸ್ಥಾನದಲ್ಲಿ ಶೆಪರ್ಡನನ್ನು ಕೂರಿಸಿದರು. ಪೆಟ್ಟು ಬಿದ್ದದ್ದು ಆ ನಂಬಿಕೆಗೆ. ಆದರೆ ಅದು ಓದುಗ ಬೇರೆ ಪುಸ್ತಕಗಳಿಂದ ಹೊತ್ತು ತಂದ ನಂಬಿಕೆ. ಈ ಕಾದಂಬರಿ ಕೊಟ್ಟ ಮಾತಲ್ಲ. ಅಪರಾಧಿಯ ಆಲೋಚನೆಗಳ ಕುರಿತ ತಮ್ಮ ನಿಯಮದ ಭಾಗವನ್ನು ಖಚಿತವಾಗಿ ಹೇಳುವುದು ಕಷ್ಟವೆಂದು, ಕ್ರಿಸ್ಟಿಯವರ ಸಾಧನೆಯನ್ನೇ ನೆನೆದು, ನಾಕ್ಸ್ ಕೂಡ ಒಪ್ಪಿಕೊಂಡಿದ್ದರು.