ಭ್ರೂಣ ಪರೀಕ್ಷೆಯ ಮುನ್ನ 'ಇಕ್ಸಿ' ಏಕೆ? ದಂಪತಿಗಳು ತಿಳಿಯಬೇಕಾದ ವಿಷಯ

ಗಂಡ ಹೆಂಡತಿ ಇಬ್ಬರೂ ಥಲಸ್ಸೇಮಿಯಾ ವಾಹಕರಾಗಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ ಶೇ. 25. ಇಂತಹವರಿಗೆ ವೈದ್ಯರು ಪ್ರನಾಳ ಶಿಶು ವಿಧಾನ ಹಾಗೂ ಭ್ರೂಣದ ಆನುವಂಶಿಕ ಪರೀಕ್ಷೆಯನ್ನು ಸೂಚಿಸುವುದುಂಟು. ಜೊತೆಗೆ 'ಇಕ್ಸಿ ಮಾಡಿಸಿ' ಎಂಬ ಮಾತೂ ಬರುತ್ತದೆ. ಅದೇಕೆಂದು ಅನೇಕರು ಕೇಳುವುದೇ ಇಲ್ಲ.

ಸಾಮಾನ್ಯ ಐವಿಎಫ್‌ನಲ್ಲಿ ಒಂದೊಂದು ಅಂಡದ ಸುತ್ತ ಸಾವಿರಾರು ವೀರ್ಯಾಣುಗಳನ್ನು ಬಿಡುತ್ತಾರೆ. ಇಕ್ಸಿಯಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುತ್ತಾರೆ. ಪುರುಷನ ವೀರ್ಯಾಣು ದುರ್ಬಲವಾಗಿದ್ದಾಗ ಬಳಸಲೆಂದು ಬಂದ ಈ ವಿಧಾನದಿಂದ ಮೊದಲ ಮಕ್ಕಳು ಹುಟ್ಟಿದ್ದು 1992ರಲ್ಲಿ. ಪರೀಕ್ಷೆಗೆ ಅದು ಬೇಕಾದ ಕಾರಣ ಬೇರೆ. ಐದಾರನೆಯ ದಿನ ಭ್ರೂಣದ ಹೊರಪದರದಿಂದ ಕೆಲವೇ ಜೀವಕೋಶಗಳನ್ನು ತೆಗೆಯುತ್ತಾರೆ. ಹೊರಗೆ ಅಂಟಿಕೊಂಡ ವೀರ್ಯಾಣುವೋ ತಾಯಿಯ ಜೀವಕೋಶವೋ ಅದರೊಡನೆ ಬೆರೆತರೆ ಫಲಿತಾಂಶ ತಪ್ಪಬಹುದು. ಇಕ್ಸಿಗೆ ಮುನ್ನ ಅಂಡವನ್ನು ಶುಚಿಗೊಳಿಸುವುದರಿಂದ ಈ ಭಯ ಕಡಿಮೆ. ಥಲಸ್ಸೇಮಿಯಾದಂತಹ ಒಂದೇ ಜೀನಿನ ಕಾಯಿಲೆಗೆ ಇಕ್ಸಿಯೇ ಮೇಲೆಂದು ಯುರೋಪಿನ ತಜ್ಞರ ಸಂಘ 2020ರಲ್ಲಿ ಹೇಳಿತು.

ಆದರೆ ಬರೀ ವರ್ಣತಂತುಗಳ ಸಂಖ್ಯೆ ನೋಡುವ ಪರೀಕ್ಷೆಗೆ ಅದು ಅನಿವಾರ್ಯವೇ? ಇಂದಿನ ತಂತ್ರಗಳಲ್ಲಿ ಅಂಟಿದ ವೀರ್ಯಾಣುವಿನಿಂದ ಗೊಂದಲ ವಿರಳವೆಂದು ಅಧ್ಯಯನಗಳು ತೋರಿಸಿವೆ. ವೀರ್ಯಾಣು ಸರಿಯಿರುವವರಿಗೆ ಇಕ್ಸಿಯಿಂದ ಹೆಚ್ಚು ಮಕ್ಕಳೇನೂ ಹುಟ್ಟುವುದಿಲ್ಲ. 2021ರಲ್ಲಿ ಪ್ರಕಟವಾದ, ವಿಯೆಟ್ನಾಂನ 1064 ದಂಪತಿಗಳ ಅಧ್ಯಯನದ ಫಲ ಇದೇ. ಖರ್ಚಂತೂ ಹೆಚ್ಚು. ಆದ್ದರಿಂದ 'ನಮಗೆ ಯಾವ ಪರೀಕ್ಷೆ, ಅದಕ್ಕೆ ಇಕ್ಸಿ ಏಕೆ?' ಎಂದು ಕೇಳಲು ಸಂಕೋಚ ಬೇಡ.

ಧರ್ಮಸಭೆಯ ಆಕ್ಷೇಪ ಇದಕ್ಕಿಂತ ಆಳದ್ದು. ಪ್ರಯೋಗಾಲಯದ ಗರ್ಭಧಾರಣೆಯನ್ನು 1987ರ 'ಡೋನುಂ ವೀತೆ' ಒಪ್ಪಲಿಲ್ಲ; 2008ರ 'ದಿಗ್ನಿತಾಸ್ ಪೆರ್ಸೋನೆ' ಇಕ್ಸಿಯನ್ನೂ ಭ್ರೂಣ ಪರೀಕ್ಷೆಯನ್ನೂ ಹೆಸರಿಸಿಯೇ ತಿರಸ್ಕರಿಸಿತು. ದೋಷವಿದೆ ಎಂದು ಬದಿಗಿಟ್ಟ ಭ್ರೂಣಗಳ ಗತಿಯೇನು ಎಂಬುದೇ ಇಲ್ಲಿನ ಪ್ರಶ್ನೆ. ಚಿಕಿತ್ಸೆಗೆ ಸಹಿ ಹಾಕುವ ಮುನ್ನ ಅದನ್ನೂ ಕೇಳಬೇಕು. ಹಾಗೆಂದು ಹೀಗೆ ಹುಟ್ಟಿದ ಮಗುವನ್ನು ಕೀಳಾಗಿ ಕಾಣುವಂತಿಲ್ಲ. ಆ ಮಗುವೂ ದೇವರ ವರವೆಂದು ಅದೇ 1987ರ ದಾಖಲೆ ಹೇಳುತ್ತದೆ. ಧರ್ಮಕೇಂದ್ರಗಳಲ್ಲಿ ಪಿಸುಮಾತಾಡುವವರು ಇದನ್ನು ಗಮನಿಸಲಿ.

ಭ್ರೂಣದ ಲಿಂಗ ಆರಿಸುವುದು ನಮ್ಮ ದೇಶದಲ್ಲಿ ಅಪರಾಧ. ಇನ್ನು ಥಲಸ್ಸೇಮಿಯಾ ವಾಹಕರೇ ಎಂದು ತಿಳಿಯಲು ಮದುವೆಗೆ ಮುನ್ನ ಒಂದು ರಕ್ತಪರೀಕ್ಷೆ ಸಾಮಾನ್ಯವಾಗಿ ಸಾಕು. ವಿವಾಹ ಸಿದ್ಧತಾ ಶಿಬಿರ ನಡೆಸುವವರು ಇದನ್ನು ಜೋಡಿಗಳಿಗೆ ತಿಳಿಸಬಹುದು.