ಹೈಸ್ಕೂಲಿನ ಇನ್ನೊಂದು ಕಟ್ಟಡ

ನಮ್ಮ ಐರಣಿಯ ಹಿರಿಯರು ಹೈಸ್ಕೂಲಿನ ದಿನಗಳ ಬಗ್ಗೆ ಮಾತು ತೆಗೆದರೆ ಪಾಠಕ್ಕಿಂತ ಮೊದಲು ಬುತ್ತಿಯ ಸುದ್ದಿ ಬರುತ್ತದೆ. ರಾಣೆಬೆನ್ನೂರಿನಲ್ಲಿ ಒಂದು ಬಾಡಿಗೆ ಖೋಲಿ, ಅದರಲ್ಲಿ ನಾಲ್ಕೈದು ಹುಡುಗರು, ಊರಿನಿಂದ ಬಸ್ಸಿನಲ್ಲಿ ಬರುವ ರೊಟ್ಟಿ ಗಂಟು. ಬಸ್ಸು ತಪ್ಪಿದ ದಿನ ಚುರಮುರಿ. ಧಾರವಾಡದಲ್ಲಿ ಕೂತು ಈ ಭಾಗದ ಶಾಲೆಗಳ ಚರಿತ್ರೆ ಓದುತ್ತಿರುವ ನನಗೆ, ಅವರು ಹೇಳುವ ಕ್ರಮವೇ ಸರಿ ಎನಿಸತೊಡಗಿದೆ.

ಮುಂಬಯಿ ಪ್ರಾಂತದ ಕಾಲದಲ್ಲಿ ಹೈಸ್ಕೂಲು ಪೇಟೆಯ ವಸ್ತು. 1854ರ ವುಡ್ ವರದಿ ಖಾಸಗಿ ಶಾಲೆಗಳಿಗೆ ಅನುದಾನದ ದಾರಿ ತೆರೆಯಿತು. 1882ರ ಹಂಟರ್ ಆಯೋಗ ಪ್ರೌಢಶಿಕ್ಷಣದಿಂದ ಸರ್ಕಾರ ಮೆಲ್ಲಗೆ ಹಿಂದೆ ಸರಿಯಲಿ ಎಂದಿತು. ಆ ಜಾಗಕ್ಕೆ ಮಿಶನ್ನುಗಳು, ಪುರಸಭೆಗಳು, ಶಿಕ್ಷಣ ಸಂಸ್ಥೆಗಳು ಬಂದವು. ಧಾರವಾಡಕ್ಕೆ ಬಾಸೆಲ್ ಮಿಶನ್, 1916ರಲ್ಲಿ ಬೆಳಗಾವಿಗೆ ಕೆ.ಎಲ್.ಇ. ಹಾವೇರಿಯಲ್ಲಿ ಇಂದಿಗೂ ಮುನ್ಸಿಪಲ್ ಹೈಸ್ಕೂಲ್ ಮೈದಾನ ಎಂದರೆ ಊರಿಗೇ ಗೊತ್ತು. ರಾಜಕೀಯ ಸಭೆಗಳಿಗೆ ಅದೇ ಜಾಗ.

ಕಟ್ಟಡ ಎದ್ದರೆ ಸಾಕಿತ್ತೇ? ಧಾರವಾಡದಲ್ಲೇ ನಡೆದ ಒಂದು ಪ್ರಸಂಗವಿದೆ. 1856ರ ಜೂನಿನಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಮುಂಬಯಿ ಸರ್ಕಾರದ ಉತ್ತರ ಬಹಳ ಜಾಣತನದ್ದು: ಹುಡುಗನ ಹಕ್ಕು ನ್ಯಾಯವೇ ಸರಿ, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಬರುವುದಿಲ್ಲ, ಶಾಲೆ ಯಾರಿಗೂ ಉಪಯೋಗಕ್ಕೆ ಬಾರದಂತಾಗುತ್ತದೆ. ಗವರ್ನರ್ ಜನರಲ್ಲರ ಸರ್ಕಾರಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಸರ್ಕಾರಿ ಹಣದಲ್ಲಿ ನಡೆಯುವ ಶಾಲೆ ಎಲ್ಲರಿಗೂ ತೆರೆದಿರಬೇಕು ಎಂದು 1858ರಲ್ಲಿ ಲಂಡನ್ನಿನಿಂದಲೂ ಕಾಗದ ಬಂತು. ಮುಂದೆ ಅಂಬೇಡ್ಕರ್ ತಮ್ಮ ಬರಹದಲ್ಲಿ ಈ ಅರ್ಜಿಯ ವಿಷಯವನ್ನು ಎತ್ತಿಕೊಂಡರು. ಕಡತದಲ್ಲಿ ಅಧಿಕಾರಿಗಳ ಮಾತು ಪುಟಗಟ್ಟಲೆ ಉಳಿದಿದೆ. ಹುಡುಗನದು ಅದೊಂದು ಅರ್ಜಿ.

ಬಾಗಿಲು ಕಾಗದದ ಮೇಲೆ ತೆರೆದ ನಂತರವೂ ಊಟ, ನಿದ್ದೆಯ ಪ್ರಶ್ನೆ ಹಾಗೇ ಉಳಿಯಿತು. ಬ್ರಾಹ್ಮಣರ ಹುಡುಗರಿಗೆ ವಾರಾನ್ನವಿತ್ತು, ದಿನಕ್ಕೊಂದು ಮನೆ. ಅದರ ಅವಮಾನ ಉಂಡವರಿಗೇ ಗೊತ್ತು; ಆದರೂ ಉಣ್ಣಲು ಮನೆಯಾದರೂ ಇತ್ತು. ಒಕ್ಕಲು ಮಕ್ಕಳಿಗೆ ಮಠಗಳು ಬೋರ್ಡಿಂಗ್ ತೆರೆದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯದ ಹೆಸರು ಹಳ್ಳಿಹಳ್ಳಿಗೂ ತಲುಪಿತ್ತು. ಈ ಎರಡೂ ಕಡೆ ಎಲೆ ಹಾಕಿಸಿಕೊಳ್ಳಲಾಗದವರು ಎಲ್ಲಿ ಉಣ್ಣಬೇಕಿತ್ತು? ಅದಕ್ಕೆ 1928ರ ತನಕ ಕಾಯಬೇಕಾಯಿತು. ಆ ವರ್ಷ ಅಂಬೇಡ್ಕರ್ ದಲಿತ ಮಕ್ಕಳ ಪ್ರೌಢಶಿಕ್ಷಣಕ್ಕಾಗಿಯೇ ಒಂದು ಶಿಕ್ಷಣ ಸಂಸ್ಥೆ ಕಟ್ಟಿದರು. ಅದು ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದ್ದು. ಅದನ್ನು ನೋಡಿಕೊಂಡವರು ಬಿ.ಎಚ್. ವರಾಳೆ. ಅರ್ಜಿ ಕೊಟ್ಟ ಹುಡುಗನ ಊರಿನಲ್ಲೇ, ಎಪ್ಪತ್ತು ವರ್ಷಗಳ ಮೇಲೆ. ನನ್ನ ಲೆಕ್ಕದಲ್ಲಿ ಧಾರವಾಡದ ಹೈಸ್ಕೂಲುಗಳು ನಿಜವಾಗಿ ಹೊಸದಾಗತೊಡಗಿದ್ದು ಆಗ. ಕರಿಹಲಗೆ, ಬೆಂಚುಗಳೆಲ್ಲ ಮೊದಲಿನವೇ ಇದ್ದವು.

ಸ್ವಾತಂತ್ರ್ಯಾನಂತರದ ಕತೆ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವುದೇ. ಹಾಸ್ಟೆಲುಗಳನ್ನು ಸರ್ಕಾರವೇ ತೆರೆಯಿತು, ಪಾಸು ಬಂತು, 2006ರ ನಂತರ ಎಂಟನೆಯ ತರಗತಿಗೆ ಸೈಕಲ್ಲು ಬಂತು. 2009ರ ಕೇಂದ್ರ ಯೋಜನೆ ಐದು ಕಿಲೋಮೀಟರಿನೊಳಗೆ ಪ್ರೌಢಶಾಲೆ ಇರಬೇಕೆಂಬ ಗುರಿ ಇಟ್ಟುಕೊಂಡಿತು. ದೂರವನ್ನು ಕಿಲೋಮೀಟರಿನಲ್ಲಿ ಅಳೆದದ್ದು ಸಣ್ಣ ಮಾತಲ್ಲ, ಹಂಟರ್ ಆಯೋಗಕ್ಕೆ ಅದು ಹೊಳೆದಿರಲಿಲ್ಲ.

ಈಗ ಮತ್ತೆ ಕಟ್ಟುವ ಕಾಲ. 2018-19ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಸ್ಕೂಲುಗಳಲ್ಲಿ ಒಂದೇ ಆವರಣದಲ್ಲಿ ಪಿಯುಸಿವರೆಗೂ ಓದಬಹುದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಂಥ ಇನ್ನೂ 500 ಶಾಲೆ ಎಂದು 2025ರ ಬಜೆಟ್ಟು ಹೇಳಿತು. ಒಳ್ಳೆಯ ಪ್ರಯೋಗಾಲಯ, ಒಳ್ಳೆಯ ಶೌಚಾಲಯ ಯಾರಿಗೆ ಬೇಡ? ಆದರೆ ಶಾಲೆ ದೊಡ್ಡದಾಗಿ ಒಂದೇ ಕಡೆ ಸೇರಿದಷ್ಟೂ ಯಾರಿಗಾದರೂ ಅದು ದೂರವಾಗುತ್ತದೆ. ಎಸ್ಸೆಸ್ಸೆಲ್ಸಿಯ ಸಂಜೆ ಕ್ಲಾಸು ಮುಗಿಸಿದ ಹುಡುಗಿ ಹೊಳೆಸಾಲಿನ ತನ್ನ ಊರಿಗೆ ಯಾವ ಬಸ್ಸಿಗೆ ಹೋಗುತ್ತಾಳೆ, ಬಸ್ಸು ತಪ್ಪಿದರೆ ಯಾರ ಮನೆಯಲ್ಲಿ ಉಳಿಯುತ್ತಾಳೆ ಎಂಬುದನ್ನೂ ನಕ್ಷೆ ಬರೆಯುವ ಇಂಜಿನಿಯರು ಕೇಳಿಕೊಂಡಿರಬೇಕು.