ಹದಿನಾರರ ಲೆಕ್ಕ

ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ವರ್ಷ ನನಗೆ ಸಿಕ್ಕಿದ್ದು ಎಣಿಸುವ ಕೆಲಸ. ಒಂದು ಮಿಲಿಮೀಟರ್ ಉದ್ದದ ದುಂಡುಹುಳುವನ್ನು ಪ್ಲಾಟಿನಂ ತಂತಿಯ ತುದಿಯಿಂದ ಎತ್ತಬೇಕು. ಸ್ಲೈಡಿನ ಮೇಲಿನ ಅಗಾರ್ ಬಿಲ್ಲೆಗೆ ಇಳಿಸಿ, ಅಲುಗಾಡದಂತೆ ಒಂದು ಹನಿ ಸೋಡಿಯಂ ಅಜೈಡ್ ಬಿಟ್ಟು, ಕವರ್‌ಸ್ಲಿಪ್ ಮುಚ್ಚಬೇಕು. ಕೋಣೆಯ ದೀಪ ಆರಿಸಿ ಮೈಕ್ರೋಸ್ಕೋಪಿನ ನೀಲಿ ಬೆಳಕು ಹಾಯಿಸಿದರೆ ಹುಳುವಿನ ಪಕ್ಕೆಯುದ್ದಕ್ಕೂ ಹಸಿರು ಚುಕ್ಕೆಗಳ ಸಾಲೊಂದು ಹೊಳೆಯುತ್ತಿತ್ತು. ಅವು ಸೀಮ್ ಕೋಶಗಳು, ಹುಳುವಿನ ಚರ್ಮದ ಆಕರಕೋಶಗಳು. ಬಲಿತ ಹುಳುವಿಗೆ ಒಂದು ಪಕ್ಕೆಗೆ 16. ಹುಳು ನೋಡು, ಎಣಿಸು, 16 ಎಂದು ಬರೆ. ಇನ್ನೊಂದು ಹುಳು, ಮತ್ತೆ 16.

ಒಂದು ಮಧ್ಯಾಹ್ನ 17 ಬಂತು. ಬಾಲದಿಂದ ತಲೆಯ ಕಡೆಗೆ ಎಣಿಸಿದೆ, ತಲೆಯಿಂದ ಬಾಲದ ಕಡೆಗೂ ಎಣಿಸಿದೆ. ಆಗಲೂ 17. ನನಗೆ ಕೆಲಸ ಕಲಿಸುತ್ತಿದ್ದ ಅಕ್ಕನನ್ನು ಕರೆದೆ. "ಕಣ್ಣು ದಣಿದಿದೆ ನಿಂಗೆ. ಅದನ್ನ ಬಿಡು, ಬೇರೆ ಹುಳು ತಗೋ" ಎಂದರು. ಬರೆದಿದ್ದ 17ರ ಮೇಲೆ ಗೆರೆ ಎಳೆದೆ. ಆಗ ಅವರ ಮಾತು ನನಗೂ ಸರಿಯೆನಿಸಿತ್ತು, ಏಕೆಂದರೆ ಈ ಹುಳುವಿನ ಖ್ಯಾತಿಯೇ ಲೆಕ್ಕ ತಪ್ಪದಿರುವುದು. ಆ ಖ್ಯಾತಿ ಅದಕ್ಕೆ ಹೇಗೆ ಬಂತೆಂದು ನಾನು ಓದಿದ್ದು ಆಮೇಲೆ.

ಈ ಹುಳುವನ್ನು 1900ರಲ್ಲಿ ಲೋಕಕ್ಕೆ ಪರಿಚಯಿಸಿದವರು ಅಲ್ಜಿಯರ್ಸ್‌ನಲ್ಲಿ ಗ್ರಂಥಪಾಲಕರಾಗಿದ್ದ ಎಮಿಲ್ ಮೊಪಾ. ಮಣ್ಣಿನಲ್ಲಿ ಸಿಕ್ಕ ಈ ಜೀವಿಗೆ ಅವರು 'ಎಲೆಗನ್ಸ್', ಅಂದರೆ ಸೊಗಸಾದದ್ದು, ಎಂದು ಹೆಸರಿಟ್ಟರು. ಪ್ರಯೋಗಾಲಯಗಳು ಇಂದು ಸಾಕುತ್ತಿರುವುದರಲ್ಲಿ ಬಹುಪಾಲು ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಅಣಬೆ ಬೆಳೆಯುವ ಗೊಬ್ಬರದಲ್ಲಿ ಸಿಕ್ಕ ಹುಳುಗಳ ಸಂತತಿ. ಅದನ್ನು ಎನ್2 ಎನ್ನುತ್ತೇವೆ. 1963ರ ಜೂನ್‌ನಲ್ಲಿ ಕೇಂಬ್ರಿಜ್‌ನ ಸಿಡ್ನಿ ಬ್ರೆನ್ನರ್ ತಮ್ಮ ಸಂಸ್ಥೆಯ ಮುಖ್ಯಸ್ಥ ಮ್ಯಾಕ್ಸ್ ಪೆರುಟ್ಸ್ ಅವರಿಗೆ ಒಂದು ಪತ್ರ ಬರೆದರು. ಮುಂದಿನ ದೊಡ್ಡ ಪ್ರಶ್ನೆಗಳಿರುವುದು ಜೀವಿಯ ಬೆಳವಣಿಗೆಯಲ್ಲಿ ಮತ್ತು ನರಮಂಡಲದಲ್ಲಿ ಎಂಬುದು ಅದರ ತಿರುಳು. ಆ ಪ್ರಶ್ನೆಗಳಿಗಾಗಿ ಅವರು ಕಡೆಗೆ ಆರಿಸಿಕೊಂಡದ್ದು ಈ ಹುಳುವನ್ನು. ಮೊಟ್ಟೆಯೊಡೆದು ಬಂದ ಮೂರೇ ದಿನದಲ್ಲಿ ಬಲಿಯುತ್ತದೆ, ಮೈ ಗಾಜಿನಷ್ಟು ಪಾರದರ್ಶಕ, ಗಂಡಿನ ನೆರವಿಲ್ಲದೆ ತಾನೇ ಮುನ್ನೂರರಷ್ಟು ಮೊಟ್ಟೆಯಿಡುತ್ತದೆ. ಹೀಗೆ ತಲೆಮಾರುಗಳು ಕಳೆದಂತೆ ಒಂದು ಪ್ಲೇಟಿನ ಹುಳುಗಳೆಲ್ಲ ಜೀನ್‌ಗಳಲ್ಲಿ ಒಂದರಂತೆ ಇನ್ನೊಂದಾಗುತ್ತವೆ. ಈ ಕೊನೆಯ ಗುಣವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನನ್ನ ಮನಸ್ಸಿನಲ್ಲಿ ಈ ಚರಿತ್ರೆಯ ನಾಯಕ ಜಾನ್ ಸಲ್ಸ್‌ಟನ್. 1969ರಲ್ಲಿ ಬ್ರೆನ್ನರ್ ಅವರ ಗುಂಪಿಗೆ ಬಂದ ಅವರು ಜೀವಂತ ಹುಳುವನ್ನೇ ಮೈಕ್ರೋಸ್ಕೋಪಿನ ಕೆಳಗಿಟ್ಟು, ಯಾವ ಕೋಶ ಯಾವಾಗ ಒಡೆದು ಎರಡಾಯಿತು, ಆ ಎರಡು ಎತ್ತ ಹೋದವು ಎಂದು ನೋಡುತ್ತ ಕುಳಿತರು. ಹಸಿರು ಬೆಳಕಿನ ಗುರುತುಗಳು ಆಗ ಇರಲಿಲ್ಲ. ನೋಮಾರ್ಸ್ಕಿ ಮಸೂರ, ಕಣ್ಣು, ಕಾಗದ, ಬಣ್ಣದ ಪೆನ್ನು, ಇಷ್ಟೇ ಸಲಕರಣೆ. ಮೊಟ್ಟೆಯೊಡೆದ ಮೇಲಿನ ಬೆಳವಣಿಗೆಯ ವಂಶವೃಕ್ಷವನ್ನು ಅವರೂ ರಾಬರ್ಟ್ ಹೊರ್ವಿಟ್ಜ್ ಅವರೂ 1977ರಲ್ಲಿ ಪ್ರಕಟಿಸಿದರು. ಆಮೇಲೆ ಮೊಟ್ಟೆಯೊಳಗಿನ ಕಥೆ. ಸಲ್ಸ್‌ಟನ್ ದಿನಕ್ಕೆರಡು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆಯಂತೆ, ಸುಮಾರು ಒಂದೂವರೆ ವರ್ಷ ಭ್ರೂಣವನ್ನು ನೋಡಿದರು. 1983ರಲ್ಲಿ ಅದೂ ಪೂರ್ಣವಾಯಿತು. ಬಲಿತ ಹುಳುವಿನ ದೇಹದಲ್ಲಿ 959 ಕೋಶಕೇಂದ್ರಗಳು, ದಾರಿಯಲ್ಲಿ ಹುಟ್ಟಿ ಸಾಯುವ ಕೋಶಗಳು 131. ಒಂದು ಪ್ರಾಣಿಯ ಪ್ರತಿ ಕೋಶದ ತಾಯಿ, ಅಜ್ಜಿ, ಮುತ್ತಜ್ಜಿ ಯಾರೆಂದು ಮನುಷ್ಯ ಮೊದಲ ಬಾರಿಗೆ ತಿಳಿದದ್ದು ಹೀಗೆ. ಮೂರು ಗಂಟೆ ಎಣಿಸಿದರೆ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಒಂದೂವರೆ ವರ್ಷ ಎಂಥದ್ದೆಂದು ನನ್ನಂಥವರಿಗೆ ಚೆನ್ನಾಗಿ ಗೊತ್ತು.

ಸೀಮ್ ಕೋಶಗಳ ಲೆಕ್ಕವೂ ಆ ವಂಶವೃಕ್ಷದಲ್ಲೇ ಇದೆ. ಮೊಟ್ಟೆಯೊಡೆದು ಬಂದ ಮರಿಗೆ ಪಕ್ಕೆಗೆ 10. ಮರಿ ನಾಲ್ಕು ಸಲ ಪೊರೆ ಕಳಚಿ ಬೆಳೆಯುತ್ತದೆ, ಪ್ರತಿ ಹಂತದಲ್ಲೂ ಈ ಕೋಶಗಳಲ್ಲಿ ಹೆಚ್ಚಿನವು ಒಡೆಯುತ್ತವೆ. ಒಡೆದಾಗ ಸಾಮಾನ್ಯವಾಗಿ ಮುಂಬದಿಯದು ಚರ್ಮದಲ್ಲಿ ಬೆರೆಯುತ್ತದೆ, ಹಿಂಬದಿಯದು ಸೀಮ್ ಕೋಶವಾಗಿಯೇ ಉಳಿಯುತ್ತದೆ. ಸುಗ್ಗಿಯಲ್ಲಿ ಉಣ್ಣಲು ಒಂದು ಪಾಲು, ಬಿತ್ತನೆಗೆ ಒಂದು ಪಾಲು ಎತ್ತಿಡುವ ರೈತನ ಕ್ರಮವಿದು. ಎರಡನೆಯ ಹಂತದಲ್ಲಿ ಮಾತ್ರ 6 ಕೋಶಗಳು ಒಮ್ಮೆ ಸಮಪಾಲಾಗಿ ಒಡೆದು ಎರಡೂ ಸೀಮ್ ಕೋಶಗಳಾಗುತ್ತವೆ. 10ಕ್ಕೆ 6 ಸೇರಿ 16. ಬಿತ್ತನೆಯ ಪಾಲನ್ನು ಒಂದು ಕೋಶ ಉಂಡುಬಿಟ್ಟರೂ 15, ಉಣ್ಣುವ ಪಾಲನ್ನು ಒಂದು ಕೋಶ ಎತ್ತಿಟ್ಟರೂ 17.

ಈ ಕ್ರಮವನ್ನು ಯಾವ ಜೀನ್ ಕಾಯುತ್ತದೆ? ಕ್ರಮ ಕೆಟ್ಟ ಹುಳುಗಳನ್ನು ಹುಡುಕುವುದೇ ಅದನ್ನು ತಿಳಿಯುವ ದಾರಿಯಾಯಿತು. ವಂಶಾವಳಿ ಕೆಟ್ಟವಕ್ಕೆಲ್ಲ 'ಲಿನ್' ಎಂಬ ಹೆಸರು ಬಿತ್ತು. ಲಿನ್-4 ಕೆಟ್ಟ ಹುಳುವಿನಲ್ಲಿ ಸೀಮ್ ಕೋಶಗಳು ಮೊದಲ ಹಂತದ ಪಾಠವನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿದ್ದವು, ಹುಳುವಿನ ಚರ್ಮ ಬಲಿಯುತ್ತಲೇ ಇರಲಿಲ್ಲ. ಅದರ ಬೆನ್ನು ಹತ್ತಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 1993ರಲ್ಲಿ ಸಿಕ್ಕಿದ್ದು ಪ್ರೋಟೀನ್ ಅಲ್ಲ, 22 ಅಕ್ಷರಗಳ ಪುಟ್ಟ ಆರ್‌ಎನ್‌ಎ. ಇನ್ನೊಂದು ಜೀನಿನ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುವ ಮೈಕ್ರೋ ಆರ್‌ಎನ್‌ಎ. ಇಂಥವು ಮನುಷ್ಯರಲ್ಲೂ ಇವೆಯೆಂದು 2000ದಿಂದೀಚೆಗೆ ತಿಳಿಯಿತು, 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದರ ಬೇರು ಹುಳುವಿನ ಪಕ್ಕೆಯಲ್ಲಿದೆ ಎಂಬುದನ್ನು ಸುದ್ದಿಯಲ್ಲಿ ಓದಿದವರು ಕಡಿಮೆ.

ಆದರೆ ಲಿನ್-4 ಕೆಟ್ಟರೆ ಎಲ್ಲ ಹುಳುಗಳೂ ಹೆಚ್ಚುಕಡಿಮೆ ಒಂದೇ ಥರ ಕೆಡುತ್ತವೆ. ನನ್ನ 17 ಆ ಬಗೆಯದಲ್ಲ. ಅದೇ ಜೀನ್, ಅದೇ ಪ್ಲೇಟು, ಅದೇ 20 ಡಿಗ್ರಿ ಇದ್ದೂ ಎಲ್ಲೋ ಒಂದು ಹುಳು ಬೇರೆಯಾಗುತ್ತದೆ. ಕೋಶದೊಳಗಿನ ರಾಸಾಯನಿಕ ಕೆಲಸದಲ್ಲಿ ಆಕಸ್ಮಿಕಗಳು ಇದ್ದೇ ಇರುತ್ತವೆ. ಹಾಗಿರುವಾಗ ವಿಚಾರಿಸಬೇಕಾದದ್ದು 17 ಏಕೆ ಬಂತು ಎಂಬುದಕ್ಕಿಂತ, ಉಳಿದಷ್ಟೂ ಸಲ 16 ಹೇಗೆ ಬಂತು ಎಂಬುದನ್ನು. ಕಾನ್ರಾಡ್ ವ್ಯಾಡಿಂಗ್ಟನ್ 1942ರಲ್ಲೇ ಇದನ್ನು ಕಾಲುವೆಯ ಹೋಲಿಕೆಯಲ್ಲಿ ಹೇಳಿದ್ದರು: ನೀರು ಕೊಂಚ ಆಚೀಚೆಯಾದರೂ ದಂಡೆ ಅದನ್ನು ದಾರಿಗೆ ತರುತ್ತದೆ. ಆ ದಂಡೆ ಯಾವ ಜೀನಿನದು?

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮಿಕಾಲಿಸ್ ಬಾರ್ಕೂಲಾಸ್ ಅವರ ಗುಂಪು ಹಿಡಿದದ್ದು ಇದೇ ಪ್ರಶ್ನೆಯನ್ನು. ಹುಳುಗಳ ಜೀನ್‌ಗಳನ್ನು ಕೆಡಿಸಿ, ಸರಾಸರಿ ಎಷ್ಟಾಯಿತು ಎಂಬುದನ್ನು ಬಿಟ್ಟು, ಲೆಕ್ಕ ಎಷ್ಟು ಚದುರಿತು ಎಂದು ನೋಡಿದರು. ಸಿಕ್ಕಿದ್ದು ಲಿನ್-22. ಅದು ಹಳೆಯ ಪರಿಚಯದ ಜೀನ್: ಅದು ಕೆಟ್ಟರೆ ಪಕ್ಕೆಯಲ್ಲಿ ಹುಟ್ಟಬಾರದ ಕಡೆ ನರಕೋಶ ಹುಟ್ಟುತ್ತದೆಂದು ಮೊದಲೇ ತಿಳಿದಿತ್ತು. 2017ರಲ್ಲಿ ಗೊತ್ತಾದ ಹೊಸ ಸಂಗತಿಯೆಂದರೆ, ಅದಿಲ್ಲದ ಹುಳುಗಳಲ್ಲಿ ಸಮಪಾಲಾಗಬೇಕಾದ ಕೋಶ ಕೆಲವು ಸಲ ಅಸಮವಾಗಿ ಒಡೆಯುತ್ತದೆ, ಅಸಮವಾಗಬೇಕಾದದ್ದು ಕೆಲವು ಸಲ ಸಮಪಾಲಾಗುತ್ತದೆ. ಒಂದು ಹುಳುವಿನಲ್ಲಿ ಕೋಶ ಹೆಚ್ಚು, ಪಕ್ಕದ ಹುಳುವಿನಲ್ಲಿ ಕಡಿಮೆ. ಆರೋಗ್ಯವಂತ ಹುಳುವಿನಲ್ಲಿ ಲಿನ್-22 'ವಿಂಟ್' ಎಂಬ ಸಂಕೇತಕ್ಕೆ ಕಡಿವಾಣ ಹಾಕಿರುತ್ತದೆ. ಕಡಿವಾಣ ಕಳಚಿದರೆ ಆ ಸಂಕೇತ ಒಂದು ಕೋಶದಲ್ಲಿ ಜೋರು, ಇನ್ನೊಂದರಲ್ಲಿ ಮೆಲು.

ವಿಂಟ್ ಎಂಬ ಹೆಸರಿನಲ್ಲಿ ನಮ್ಮ ದೇಶದ ಪಾಲೂ ಇದೆ. ಅದರ ಅರ್ಧ ಬಂದದ್ದು 'ವಿಂಗ್‌ಲೆಸ್' ಎಂಬ ರೆಕ್ಕೆಯಿಲ್ಲದ ಹಣ್ಣುನೊಣದಿಂದ. ಆ ನೊಣವನ್ನು 1973ರಲ್ಲಿ ವರದಿ ಮಾಡಿದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರನ್ನು ನಾನು ನೋಡಿಲ್ಲ, ಇರಬೇಕಿತ್ತು.

ಲಿನ್-22ರ ಬಗೆಗಿನ ಆ 2017ರ ಪ್ರಬಂಧ ಓದಿದ ದಿನ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಗೆರೆ ಎಳೆದ 17 ಒಂದಲ್ಲ, ಮೂರಿದ್ದವು. ಒಂದು 15 ಕೂಡ ಇತ್ತು. ಅವು ಲಿನ್-22 ಕೆಟ್ಟ ಹುಳುಗಳಲ್ಲ, ಸಾಮಾನ್ಯ ಎನ್2 ಹಿನ್ನೆಲೆಯವು. ದಂಡೆ ಗಟ್ಟಿಯಿದ್ದರೂ ಅಪರೂಪಕ್ಕೊಮ್ಮೆ ತುಳುಕಿದ ನೀರು ಅದು. ಸಲ್ಸ್‌ಟನ್ ಅಷ್ಟು ನಿಷ್ಠೆಯಿಂದ 16 ಎಂದು ಎಣಿಸಿಟ್ಟಿದ್ದರಿಂದಲೇ 17ಕ್ಕೆ ಅರ್ಥ ಬಂದದ್ದು. ಅವರಿಂದ ಸಂಖ್ಯೆಯನ್ನು ಕಲಿತ ನಾನು, ಕಂಡದ್ದನ್ನು ಕಂಡಂತೆ ಬರೆಯುವುದನ್ನು ಕಲಿಯಲಿಲ್ಲ.

ಈಗಲೂ ಕತ್ತಲೆಕೋಣೆಯಲ್ಲಿ ಕುಳಿತು ಹಸಿರು ಚುಕ್ಕೆ ಎಣಿಸುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಒಂದೇ: ಹದಿನೇಳು ಕಂಡರೆ ಹದಿನೇಳೆಂದೇ ಬರೆಯಿರಿ, ಪಕ್ಕದಲ್ಲಿ ತಾರೀಕು ಹಾಕಿ.